ಬುಂಗೊಪ್ಪಾಂಗ್ ಯಾರದು? ಕೊರಿಯಾದ ಬೀದಿ ತಿಂಡಿಗಳ ಜಪಾನೀ ಮೂಲದ ಬಗ್ಗೆ

ಪ್ರಶ್ನೆ: ನಮ್ಮ ಕಾಲೇಜಿನ ಆಹಾರ ಮೇಳದಲ್ಲಿ ವಿದ್ಯಾರ್ಥಿಗಳು ಕೊರಿಯಾದ ಬೀದಿ ತಿಂಡಿಗಳ ಮಳಿಗೆ ಹಾಕುತ್ತಿದ್ದಾರೆ. ಮೀನಿನ ಆಕಾರದ ಸಿಹಿ ತಿಂಡಿ ಬುಂಗೊಪ್ಪಾಂಗ್, ಕಡ್ಡಿಗೆ ಚುಚ್ಚಿದ ಮೀನಿನ ಹಾಳೆಯಾದ ಒದೆಂಗ್, ಕಡಲ ಪಾಚಿಯ ಹಾಳೆಯಲ್ಲಿ ಅನ್ನ ಸುತ್ತಿದ ಕಿಂಬಾಪ್ ಮತ್ತು ಖಾರದ ಅಕ್ಕಿ ಕಡುಬಾದ ತೊಕ್‌ಬೊಕ್ಕಿ ಮಾಡುವ ಯೋಚನೆ ಅವರದು. ಜಪಾನಿನಲ್ಲಿ ಕೆಲವು ವರ್ಷ ಇದ್ದು ಬಂದ ನನ್ನ ಸಹೋದ್ಯೋಗಿಯೊಬ್ಬರು ‘ಇವೆಲ್ಲ ಜಪಾನಿನ ತಿಂಡಿಗಳೇ, ಕೊರಿಯಾದವರು ಹೆಸರು ಬದಲಿಸಿದ್ದಾರೆ ಅಷ್ಟೆ’ ಎನ್ನುತ್ತಾರೆ. ವಿದ್ಯಾರ್ಥಿಗಳು ಒಪ್ಪುವುದಿಲ್ಲ; ಕೊರಿಯಾದ ಹಳೆಯ ಗ್ರಂಥಗಳಲ್ಲೇ ಇವುಗಳ ಉಲ್ಲೇಖವಿದೆ ಎಂದು ವಾದಿಸುತ್ತಾರೆ. ಯಾರ ಮಾತು ಸರಿ? ತಿಂಡಿಗಳ ಮುಂದೆ ಇಡುವ ಫಲಕದಲ್ಲಿ ಏನೆಂದು ಬರೆಯಬೇಕು?

ಉತ್ತರ: ನೀವು ಹೆಸರಿಸಿದ ನಾಲ್ಕು ತಿಂಡಿಗಳಿಗೆ ಒಂದೇ ಉತ್ತರವಿಲ್ಲ, ಅದನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ಬುಂಗೊಪ್ಪಾಂಗ್ ಜಪಾನಿನಿಂದ ಬಂದದ್ದು ಎಂಬುದರಲ್ಲಿ ಗಂಭೀರವಾದ ವಿವಾದವೇ ಇಲ್ಲ. ಒದೆಂಗ್ ಕೂಡ ಜಪಾನೀ ಕಾರ್ಖಾನೆಗಳ ಮೂಲಕ ಬಂದದ್ದೇ, ಆದರೆ ಅದರ ಹಿಂದೆ ಇನ್ನೂ ಹಳೆಯದಾದ ಒಂದು ಸ್ವಾರಸ್ಯಕರ ದಾಖಲೆಯಿದೆ. ಕಿಂಬಾಪಿನ ವಿಷಯದಲ್ಲಿ ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ತೊಕ್‌ಬೊಕ್ಕಿ ಕೊರಿಯಾದ್ದೇ. ಹೀಗಾಗಿ ನಿಮ್ಮ ಸಹೋದ್ಯೋಗಿಯ ಮಾತು ಎರಡು ತಿಂಡಿಗಳ ಮಟ್ಟಿಗೆ ಬಹುಪಾಲು ನಿಜ. ಆದರೆ ‘ಹೆಸರು ಬದಲಿಸಿದ್ದಾರೆ ಅಷ್ಟೆ’ ಎಂಬ ಭಾಗವನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ಹೇಳಲು ಒಂದೊಂದು ತಿಂಡಿಯನ್ನೂ ಬೇರೆಬೇರೆಯಾಗಿ ನೋಡಬೇಕಾಗುತ್ತದೆ.

ಬುಂಗೊಪ್ಪಾಂಗಿನಿಂದಲೇ ಆರಂಭಿಸೋಣ. ಗೋಧಿ ಹಿಟ್ಟಿನ ತೆಳುವಾದ ಸಂಪಣವನ್ನು ಎರಕದ ಕಬ್ಬಿಣದ ಅಚ್ಚಿಗೆ ಹೊಯ್ದು, ನಡುವೆ ಸಿಹಿಯಾದ ಕೆಂಪು ಬೀನ್ಸ್ ಹೂರಣ ಇಟ್ಟು, ಅಚ್ಚಿನ ಇನ್ನರ್ಧವನ್ನು ಮುಚ್ಚಿ ತಿರುಗಿಸಿ ಬೇಯಿಸುವುದು ಇದರ ಕ್ರಮ. ನಮ್ಮ ಪಡ್ಡಿನ ಕಾವಲಿಗೆ ಅದೇ ಆಕಾರದ ಇನ್ನೊಂದು ಕಾವಲಿಯನ್ನು ಕೀಲು ಹಾಕಿ ಜೋಡಿಸಿದರೆ ಹೇಗಿರುತ್ತದೋ ಅಚ್ಚು ಸುಮಾರು ಹಾಗಿರುತ್ತದೆ. ಈ ವಿಧಾನದ ಜಪಾನೀ ವಂಶಾವಳಿ ಸಾಕಷ್ಟು ಸ್ಪಷ್ಟವಾಗಿದೆ. ಈಗ ತೋಕಿಯೊ ಎಂದು ಕರೆಯುವ ಎದೊ ನಗರದಲ್ಲಿ 18ನೇ ಶತಮಾನದ ಉತ್ತರಾರ್ಧದಲ್ಲಿ ಇಮಾಗಾವಾ ಸೇತುವೆಯ ಬಳಿ ದುಂಡನೆಯ ಇಮಾಗಾವಾಯಾಕಿ ಮಾರಾಟವಾಗುತ್ತಿತ್ತು. ಮೇಜಿ ಚಕ್ರವರ್ತಿಯ ಕಾಲದಲ್ಲಿ (1868–1912) ಅದೇ ತಿಂಡಿಗೆ ಮೀನಿನ ಆಕಾರ ಬಂದು ತೈಯಾಕಿ ಆಯಿತು. ತೋಕಿಯೊದ ಅಜಾಬು ಪ್ರದೇಶದಲ್ಲಿರುವ, 1909ರಲ್ಲಿ ಆರಂಭವಾದ ನಾನಿವಾಯಾ ಎಂಬ ಅಂಗಡಿ ತಾನೇ ಇದರ ಮೂಲವೆಂದು ಹೇಳಿಕೊಳ್ಳುತ್ತದೆ. ಅಚ್ಚಿನಲ್ಲಿ ಕೆತ್ತಿದ್ದು ತೈ ಮೀನನ್ನು, ಅಂದರೆ ಜಪಾನಿನಲ್ಲಿ ಮದುವೆ, ಹಬ್ಬ, ವಿಜಯೋತ್ಸವಗಳಿಗೆ ತರುವ ದುಬಾರಿ ಸಮುದ್ರ ಮೀನನ್ನು. ನಿಜವಾದ ತೈ ಕೊಳ್ಳಲಾಗದ ಜನರಿಗೆ ಅದರ ಆಕಾರವಾದರೂ ನಾಲ್ಕು ಕಾಸಿಗೆ ಸಿಗುವಂತಾಯಿತು.

ಜಪಾನ್ ಕೊರಿಯಾವನ್ನು ಆಳಿದ್ದು 1910ರಿಂದ 1945ರವರೆಗೆ. ಈ ಮೀನಿನ ಅಚ್ಚು 1930ರ ದಶಕದಲ್ಲಿ ಕೊರಿಯಾ ತಲುಪಿತು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಇದೇ ಕಾಲದಲ್ಲಿ, 1934ರಲ್ಲಿ, ಚೊನಾನ್ ಎಂಬ ಊರಿನ ಒಂದು ಕೊರಿಯನ್ ದಂಪತಿ ಅದೇ ಬಗೆಯ ಅಚ್ಚಿನ ತಂತ್ರವನ್ನು ಬಳಸಿ, ತಮ್ಮ ಸೀಮೆಯಲ್ಲಿ ಹೆಸರಾದ ಅಕ್ರೋಟಿನ ಆಕಾರದಲ್ಲಿ ಹೊದುಗ್ವಾಜಾ ಎಂಬ ತಿಂಡಿ ಮಾಡಿ ಮಾರಲು ತೊಡಗಿದರು. ಇಂದಿಗೂ ಕೊರಿಯಾದ ಹೆದ್ದಾರಿಯ ವಿಶ್ರಾಂತಿ ತಾಣಗಳಲ್ಲಿ ಬಿಸಿಬಿಸಿಯಾಗಿ ಸಿಗುವ ತಿಂಡಿ ಅದು. ಅಚ್ಚು ಹೊರಗಿನದು, ಆಕಾರ ಮತ್ತು ಒಳಗಿನ ಅಕ್ರೋಟು ಊರಿನವು. ಹೊರಗಿನ ತಂತ್ರಕ್ಕೆ ಸ್ಥಳೀಯ ವಸ್ತು ಸೇರುವ ಈ ಕ್ರಮ ವಸಾಹತು ಕಾಲದಲ್ಲೇ ಆರಂಭವಾಗಿತ್ತು ಎನ್ನುವುದಕ್ಕೆ ಇದು ಒಳ್ಳೆಯ ಸಾಕ್ಷಿ.

ಆದರೆ ಬುಂಗೊಪ್ಪಾಂಗನ್ನು ಬುಂಗೊಪ್ಪಾಂಗ್ ಮಾಡಿದ್ದು ವಸಾಹತು ಕಾಲವಲ್ಲ, ಅದರ ನಂತರದ ಬಡತನ. 1950ರಿಂದ 1953ರವರೆಗಿನ ಕೊರಿಯಾ ಯುದ್ಧ ಮುಗಿದಾಗ ದೇಶದಲ್ಲಿ ಅಕ್ಕಿಗೆ ತೀವ್ರ ಕೊರತೆಯಿತ್ತು, ಅಮೆರಿಕದ ನೆರವಿನ ಗೋಧಿ ಹಿಟ್ಟು ಮಾತ್ರ ಯಥೇಚ್ಛವಾಗಿ ಬಂದು ಬೀಳುತ್ತಿತ್ತು. 1954ರಲ್ಲಿ ಅಮೆರಿಕ ಜಾರಿಗೆ ತಂದ ಪಿ.ಎಲ್. 480 ಕಾನೂನಿನಡಿ ಬಂದ ಗೋಧಿ ಅದು. ಅದೇ ಕಾನೂನಿನ ಗೋಧಿ ಕೆಲವೇ ವರ್ಷಗಳಲ್ಲಿ ಭಾರತಕ್ಕೂ ಬಂದದ್ದನ್ನು, ನಮ್ಮ ಪಡಿತರ ಅಂಗಡಿಗಳಲ್ಲಿ ಅದಕ್ಕಾಗಿ ಸಾಲು ನಿಂತದ್ದನ್ನು ಹಿರಿಯ ಓದುಗರು ಬಲ್ಲರು. 1960ರ ದಶಕದಲ್ಲಿ ದಕ್ಷಿಣ ಕೊರಿಯಾದ ಅಧ್ಯಕ್ಷ ಪಾರ್ಕ್ ಚುಂಗ್ ಹೀ ಅವರ ಸರ್ಕಾರ ಅಕ್ಕಿ ಉಳಿಸಲು ಮಿಶ್ರ ಧಾನ್ಯ ಮತ್ತು ಗೋಧಿಯ ಊಟದ ಆಂದೋಲನವನ್ನೇ ನಡೆಸಿತು. ಕೊರಿಯಾದಲ್ಲಿ ತೊಕ್‌ಬೊಕ್ಕಿ, ಕಿಂಬಾಪ್, ನೂಡಲ್ಸ್ ಮಾರುವ ಅಗ್ಗದ ತಿಂಡಿ ಅಂಗಡಿಗಳನ್ನು ‘ಬುನ್ಸಿಕ್’ ಅಂಗಡಿ, ಅಂದರೆ ಹಿಟ್ಟಿನ ತಿಂಡಿಯ ಅಂಗಡಿ, ಎಂದು ಕರೆಯುವ ರೂಢಿ ಆ ಕಾಲದ್ದು. ಬಂಡವಾಳವಿಲ್ಲದವರಿಗೆ ಒಂದು ಅಚ್ಚು, ಒಂದು ಒಲೆ, ಒಂದು ಕೆಟಲ್ ಹಿಟ್ಟು ಇದ್ದರೆ ಜೀವನಕ್ಕೊಂದು ದಾರಿಯಾಗುತ್ತಿತ್ತು. ಹಿಟ್ಟನ್ನು ನೀರಾಗಿ ಕಲಸಿ, ಹೂರಣ ಕಡಿಮೆ ಮಾಡಿ, ಸೇವಂತಿಗೆ ಹೂವಿನ ಆಕಾರದಲ್ಲಿ ಬೇಯಿಸಿದ ತಿಂಡಿಯೂ ಮೀನಿನ ಆಕಾರದ ತಿಂಡಿಯೂ ಅಕ್ಕಪಕ್ಕದಲ್ಲಿ ಬೆಳೆದವು. ಕೈಯಲ್ಲಿ ಕಾಸಿಲ್ಲದವರಿಗೆ ಅದು ತಿಂಡಿಗಿಂತ ಹೆಚ್ಚಾಗಿ ಒಂದು ಹೊತ್ತಿನ ಊಟವಾಗಿತ್ತು.

ಮುಂದೆ ದೇಶ ಶ್ರೀಮಂತವಾದಂತೆ ಈ ಗಾಡಿಗಳು ಹಿಂದೆ ಸರಿದವು. 1990ರ ದಶಕದಲ್ಲಿ ಹಳೆಯ ದಿನಗಳ ನೆನಪಿನ ತಿಂಡಿಯಾಗಿ ಮತ್ತೆ ಬಂದವು. 1997ರ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಎಷ್ಟೋ ಜನ ಕೈಗೆತ್ತಿಕೊಂಡದ್ದು ಇದೇ ಅಚ್ಚನ್ನು. ಇಂದು ಸೋಲ್ ನಗರದಲ್ಲಿ ಚಳಿ ಬಿದ್ದಾಗ ಹತ್ತಿರದಲ್ಲಿ ಬುಂಗೊಪ್ಪಾಂಗ್ ಗಾಡಿ ಎಲ್ಲಿದೆ ಎಂದು ತೋರಿಸಲು ಮೊಬೈಲ್ ಆ್ಯಪ್ ಕೂಡ ಇದೆ. ಮೆಟ್ರೊ ನಿಲ್ದಾಣಕ್ಕೆ ಸಮೀಪದ ಮನೆಗಳಿಗೆ ಬೆಲೆ ಬಂದಂತೆ ಬುಂಗೊಪ್ಪಾಂಗ್ ಗಾಡಿಗೆ ಸಮೀಪವಿರುವ ಬಡಾವಣೆಗಳಿಗೂ ಜನ ಒಂದು ಹೆಸರು ಕೊಟ್ಟಿದ್ದಾರೆ. ಈ ಬದುಕಿನ ಯಾವ ಭಾಗವೂ ಜಪಾನಿನಿಂದ ಬಂದದ್ದಲ್ಲ.

ತಟ್ಟೆಯಲ್ಲೂ ವ್ಯತ್ಯಾಸ ಕಾಣುತ್ತದೆ. ಜಪಾನಿನಲ್ಲಿ ಉದ್ದ ಹಿಡಿಯ ಅಚ್ಚಿನಲ್ಲಿ ಒಂದೊಂದೇ ಮೀನು ಬೇಯಿಸುವ ಅಂಗಡಿಗಳನ್ನು ರಸಿಕರು ಹುಡುಕಿಕೊಂಡು ಹೋಗುತ್ತಾರೆ. ಹಾಗೆ ಬೇಯಿಸಿದ್ದನ್ನು ‘ಕಡಲಿನ ಮೀನು’ ಎಂದೂ, ಒಂದೇ ಕಾವಲಿಯಲ್ಲಿ ಹಲವನ್ನು ಬೇಯಿಸಿದ್ದನ್ನು ‘ಸಾಕಿದ ಮೀನು’ ಎಂದೂ ಕರೆಯುತ್ತಾರೆ. ಅಲ್ಲಿನ ತೈಯಾಕಿ ದಪ್ಪ, ಬಾಲದ ತುದಿಯವರೆಗೂ ಹೂರಣ ತುಂಬಿದ್ದು. ಕೊರಿಯಾದ್ದು ಚಿಕ್ಕದು, ತೆಳ್ಳನೆಯದು. ಮಾರುವವರು ಕೆಟಲಿನ ಮೂತಿಯಿಂದ ಹಿಟ್ಟನ್ನು ಸಾಲಾಗಿ ಹೊಯ್ಯುತ್ತ ಹೋಗಿ, ಚಮಚದ ಬೆನ್ನಿನಿಂದ ಹೂರಣ ಒತ್ತಿ, ಮತ್ತೊಂದು ಎಳೆ ಹಿಟ್ಟು ಬಿಟ್ಟು, ಕಬ್ಬಿಣದ ಕೊಕ್ಕೆಯಿಂದ ಅಚ್ಚನ್ನು ಮುಚ್ಚಿ ಮಗುಚುತ್ತಾರೆ; ಅಂಚಿನಲ್ಲಿ ಉಕ್ಕಿ ಬಂದ ಹಿಟ್ಟು ಗರಿಗರಿಯಾದ ಹಪ್ಪಳದಂತೆ ಉಳಿಯುತ್ತದೆ, ಅದನ್ನು ಕತ್ತರಿಸದೆ ಹಾಗೆಯೇ ಕಾಗದದ ಚೀಲಕ್ಕೆ ಹಾಕಿ ಕೊಡುತ್ತಾರೆ. ಮೀನಿನ ಜಾತಿಯೂ ಬದಲಾಗಿದೆ. ಬುಂಗೊ ಎಂದರೆ ಕೆರೆ, ಹೊಳೆಗಳಲ್ಲಿ ಎಲ್ಲರಿಗೂ ಸಿಗುವ ಕಾರ್ಪ್ ಜಾತಿಯ ಸಾಧಾರಣ ಮೀನು. ಹಬ್ಬದ ಮೀನಿನ ಜಾಗದಲ್ಲಿ ಹಳ್ಳಿಯ ಹೊಳೆಯ ಮೀನು ಬಂದದ್ದರಲ್ಲಿ ಈ ತಿಂಡಿಯ ಸಾಮಾಜಿಕ ಸ್ಥಾನವೇ ವ್ಯಕ್ತವಾಗಿದೆ ಎಂದು ನನಗೆ ಅನ್ನಿಸುತ್ತದೆ.

ಇನ್ನು ಒದೆಂಗ್. ನಿಮ್ಮ ವಿದ್ಯಾರ್ಥಿಗಳೂ ಸಹೋದ್ಯೋಗಿಯೂ ನಿಜವಾಗಿ ಜಗಳವಾಡಬೇಕಾದ ತಿಂಡಿ ಇದು. ಇಲ್ಲಿಯ ಗೊಂದಲಕ್ಕೆ ಅರ್ಧ ಕಾರಣ ಎರಡು ದೇಶಗಳಲ್ಲಿ ಒಂದೇ ಹೆಸರು ಎರಡು ವಸ್ತುಗಳಿಗೆ ಅಂಟಿಕೊಂಡಿರುವುದು. ಜಪಾನಿನಲ್ಲಿ ಒದೆನ್ ಎಂದರೆ ಒಂದು ಅಡುಗೆ. ಮೂಲಂಗಿ, ಮೊಟ್ಟೆ, ತೋಫು, ಕೊನ್ಯಾಕು (ಒಂದು ಬಗೆಯ ಗೆಡ್ಡೆಯ ಹಿಟ್ಟಿನಿಂದ ಮಾಡಿದ ಗಟ್ಟಿ ಜೆಲ್ಲಿ), ಹಲವು ಬಗೆಯ ಮೀನಿನ ಉಂಡೆ ಮತ್ತು ಬಿಲ್ಲೆಗಳನ್ನು ಸಾರಿನಲ್ಲಿ ನಿಧಾನವಾಗಿ ಕುದಿಸಿದ್ದು. ಕೊರಿಯಾದಲ್ಲಿ ಒದೆಂಗ್ ಎಂದು ಜನ ಹೇಳುವುದು ಆ ಅಡುಗೆಯಲ್ಲಿ ಬೀಳುವ ಒಂದು ಪದಾರ್ಥಕ್ಕೆ, ಅಂದರೆ ಅರೆದ ಮೀನಿನಿಂದ ಮಾಡಿ ಎಣ್ಣೆಯಲ್ಲಿ ಕರಿದ ತೆಳುವಾದ ಹಾಳೆಗೆ. ಅದರ ಶುದ್ಧ ಕೊರಿಯನ್ ಹೆಸರು ಒಮುಕ್. ಆದ್ದರಿಂದ ‘ಒದೆಂಗ್ ಜಪಾನಿನದೇ’ ಎಂಬ ಪ್ರಶ್ನೆಯನ್ನು ಎರಡಾಗಿ ಒಡೆಯಬೇಕು: ಮೀನಿನ ಹಾಳೆ ಎಲ್ಲಿಂದ ಬಂತು, ಅದನ್ನು ಸಾರಿನಲ್ಲಿ ಕುದಿಸಿ ಬೀದಿಯಲ್ಲಿ ಮಾರುವ ಪದ್ಧತಿ ಎಲ್ಲಿಂದ ಬಂತು?

ಅರೆದ ಮೀನನ್ನು ಉಪ್ಪು ಹಾಕಿ ನಾದಿ ಬೇಯಿಸುವ ಕಾಮಾಬೊಕೊ ಜಪಾನಿನ ದಾಖಲೆಗಳಲ್ಲಿ 1115ರಷ್ಟು ಹಿಂದೆಯೇ, ಒಂದು ಔತಣದ ವಿವರದಲ್ಲಿ ಬರುತ್ತದೆ. ಕೊರಿಯಾಕ್ಕೆ ಈ ಉದ್ಯಮ ಬಂದ ಬಾಗಿಲು ಬುಸಾನ್. 1876ರ ಒಪ್ಪಂದದಿಂದ ಆ ಬಂದರು ಜಪಾನೀಯರಿಗೆ ತೆರೆದ ಮೇಲೆ ಅಲ್ಲಿ ಅವರ ದೊಡ್ಡ ವಸತಿ ಬೆಳೆಯಿತು. 1910ರ ದಶಕದ ಹೊತ್ತಿಗಾಗಲೇ ಬುಪ್ಯೊಂಗ್ ಮಾರುಕಟ್ಟೆಯಲ್ಲಿ ಕಾಮಾಬೊಕೊ ಅಂಗಡಿಗಳಿದ್ದವು. ಕಾರ್ಖಾನೆಗಳ ಮಾಲೀಕರು ಜಪಾನೀಯರು, ದುಡಿಯುವವರಲ್ಲಿ ಕೊರಿಯನ್ನರೂ ಇದ್ದರು. 1945ರಲ್ಲಿ ಮಾಲೀಕರು ತಮ್ಮ ದೇಶಕ್ಕೆ ಮರಳಿದಾಗ ಕೆಲಸ ಕಲಿತ ಕೈಗಳು ಇಲ್ಲೇ ಉಳಿದವು. ಯುದ್ಧ ಆರಂಭವಾಗಿ ಬುಸಾನ್ ತಾತ್ಕಾಲಿಕ ರಾಜಧಾನಿಯಾಯಿತು, ದೇಶದ ಮೂಲೆಮೂಲೆಗಳಿಂದ ನಿರಾಶ್ರಿತರು ಅಲ್ಲಿಗೆ ಬಂದರು, ಅವರಿಗೆ ಬೇಕಾದದ್ದು ಅಗ್ಗದ ದರದ ಪುಷ್ಟಿಯ ಆಹಾರ. ಮಾರುಕಟ್ಟೆಯಲ್ಲಿ ಬೆಲೆ ಸಿಗದ ಸಣ್ಣ ಮೀನುಗಳನ್ನು ಮುಳ್ಳಿನ ಸಮೇತ ಅರೆದು, ಗೋಧಿ ಹಿಟ್ಟು ಬೆರೆಸಿ, ಎಣ್ಣೆಯಲ್ಲಿ ಕರಿದು ಮಾರುವ ವ್ಯಾಪಾರ ಅಲ್ಲಿ ಬೇರೂರಿತು. ಯೊಂಗ್ದೊ ದ್ವೀಪದ ಮಾರುಕಟ್ಟೆಯಲ್ಲಿ 1953ರಲ್ಲಿ ಆರಂಭವಾದ ಸಮ್ಜಿನ್ ಸಂಸ್ಥೆ ಇಂದಿಗೂ ನಡೆಯುತ್ತಿದೆ. 2013ರಲ್ಲಿ ಅವರು ಬೇಕರಿಯ ಮಾದರಿಯಲ್ಲಿ ಮಳಿಗೆ ತೆರೆದ ನಂತರ ಬುಸಾನಿಗೆ ಹೋದವರು ಒಮುಕ್ ಡಬ್ಬಿ ಹಿಡಿದು ಮರಳುವುದು ವಾಡಿಕೆಯಾಯಿತು.

ಇಷ್ಟು ಹೇಳಿದ ಮೇಲೆ ನಿಮ್ಮ ವಿದ್ಯಾರ್ಥಿಗಳು ಹೇಳುವ ಹಳೆಯ ಗ್ರಂಥಕ್ಕೆ ಬರುತ್ತೇನೆ. ಅವರು ಹೇಳುತ್ತಿರುವುದು ಬಹುಶಃ ‘ಸೊಮುನ್ ಸಸೊಲ್’ ಎಂಬ 18ನೇ ಶತಮಾನದ ಗ್ರಂಥದ ವಿಷಯ. ಅರಮನೆಯ ವೈದ್ಯನೊಬ್ಬ ಬರೆದದ್ದೆಂದು ನಂಬಲಾದ ಆ ಗ್ರಂಥದಲ್ಲಿ ‘ಗಾಮಾಬೊಗೊತ್’ ಎಂಬ ಅಡುಗೆಯ ವಿಧಾನವಿದೆ. ಮೀನನ್ನು ತೆಳುವಾಗಿ ಸೀಳಿ, ಕೊಚ್ಚಿದ ಮಾಂಸ, ಅಣಬೆ ಮೊದಲಾದವುಗಳ ಹೂರಣವನ್ನು ಪದರ ಪದರವಾಗಿ ಇಟ್ಟು ಸುತ್ತಿ, ಬೇಯಿಸಿ, ಬಿಲ್ಲೆಗಳಾಗಿ ಕತ್ತರಿಸುವುದು ಅದರ ಕ್ರಮ. ಉಲ್ಲೇಖವಿದೆ ಎಂಬುದು ನಿಜ. ಆದರೆ ಅದು ಯಾವ ಪಕ್ಷಕ್ಕೆ ಸಾಕ್ಷಿ ನುಡಿಯುತ್ತದೆ ಎಂಬುದನ್ನು ಶಾಂತವಾಗಿ ನೋಡಬೇಕು. ಅಡುಗೆಯ ಹೆಸರೇ ಕಾಮಾಬೊಕೊ ಎಂಬುದನ್ನು ಕೊರಿಯನ್ ಉಚ್ಚಾರಣೆಯಲ್ಲಿ ಬರೆದುಕೊಂಡದ್ದು. ಬುಸಾನಿನಲ್ಲಿ ಆಗಲೇ ತ್ಸುಶಿಮಾ ದ್ವೀಪದ ಜಪಾನೀ ವರ್ತಕರಿಗೂ ರಾಯಭಾರಿಗಳಿಗೂ ಮೀಸಲಾದ ವಸತಿ ಇತ್ತು; ಎರಡೂ ಕಡೆಯ ದುಭಾಷಿಗಳು, ಅಧಿಕಾರಿಗಳು ಒಬ್ಬರ ಔತಣದಲ್ಲಿ ಇನ್ನೊಬ್ಬರು ಉಣ್ಣುತ್ತಿದ್ದರು. ಅಂದರೆ ಈ ದಾಖಲೆ ತೋರಿಸುವುದು ವಸಾಹತು ಆಳ್ವಿಕೆಗೆ ಬಹಳ ಮೊದಲೇ, ಬಲವಂತವಿಲ್ಲದೆ, ಕೊರಿಯಾದ ಅರಮನೆಯ ಅಡುಗೆಮನೆ ಜಪಾನಿನ ಒಂದು ಅಡುಗೆಯನ್ನು ಕುತೂಹಲದಿಂದ ಎತ್ತಿಕೊಂಡು ತನ್ನ ರೀತಿಯಲ್ಲಿ ಬದಲಿಸಿಕೊಂಡಿತ್ತು ಎಂಬುದನ್ನು. ಅದೊಂದು ಅಮೂಲ್ಯ ಸಂಗತಿ. ಆದರೆ ಮೀನನ್ನು ಅರೆಯದೆ ಸೀಳಿ ಸುತ್ತಿದ ಆ ಅರಮನೆಯ ಖಾದ್ಯಕ್ಕೂ ಇಂದಿನ ಗಾಡಿಯ ಮೇಲಿನ ಕರಿದ ಹಾಳೆಗೂ ನಡುವೆ ಕೈಯಿಂದ ಕೈಗೆ ಬಂದ ಸರಪಳಿ ಕಾಣುವುದಿಲ್ಲ. ಆಹಾರದ ಇತಿಹಾಸದಲ್ಲಿ ಅತಿ ಸುಲಭವಾಗಿ ಆಗುವ ತಪ್ಪು ಇದೇ: ಹಳೆಯ ಹಸ್ತಪ್ರತಿಯಲ್ಲಿ ಹೋಲುವ ಒಂದು ಅಡುಗೆ ಸಿಕ್ಕ ಕೂಡಲೇ ಇಂದಿನ ಅಡುಗೆ ಅದರಿಂದಲೇ ಇಳಿದು ಬಂತೆಂದು ತೀರ್ಮಾನಿಸುವುದು. ಹೋಲಿಕೆ ಬೇರೆ, ವಂಶ ಬೇರೆ. ವಂಶವನ್ನು ಸ್ಥಾಪಿಸಲು ಯಾರು ಮಾಡಿದರು, ಎಲ್ಲಿ ಕಲಿತರು, ಯಾವ ಉಪಕರಣದಿಂದ ಮಾಡಿದರು, ನಡುವಿನ ಕಾಲದಲ್ಲಿ ಯಾರು ಮುಂದುವರಿಸಿದರು ಎಂಬುದಕ್ಕೆ ಉತ್ತರ ಬೇಕು. ಒಮುಕ್‌ನ ವಿಷಯದಲ್ಲಿ ಆ ಉತ್ತರಗಳೆಲ್ಲ ಬುಸಾನಿನ ಜಪಾನೀ ಕಾರ್ಖಾನೆಗಳ ಕಡೆಗೇ ಬೆರಳು ತೋರಿಸುತ್ತವೆ. ಬುಸಾನಿನ ಹಿರಿಯರು ಅದನ್ನು ‘ದೆನ್‌ಪುರಾ’ ಎಂದು ಕರೆಯುತ್ತಿದ್ದುದು ಕೂಡ, ಪಶ್ಚಿಮ ಜಪಾನಿನಲ್ಲಿ ಕರಿದ ಮೀನಿನ ಬಿಲ್ಲೆಯನ್ನು ತೆಂಪುರಾ ಎನ್ನುವ ರೂಢಿಯೇ ದಾಟಿ ಬಂದದ್ದನ್ನು ಸೂಚಿಸುತ್ತದೆ.

ಎರಡನೆಯ ಪ್ರಶ್ನೆ, ಮಾರುವ ಮತ್ತು ತಿನ್ನುವ ಪದ್ಧತಿಯದು. ಇಲ್ಲಿ ಕೊರಿಯಾ ತನ್ನದೇ ಆದದ್ದನ್ನು ಕಟ್ಟಿದೆ. ಚೌಕದ ಹಾಳೆಯನ್ನು ಅಡ್ಡಡ್ಡವಾಗಿ ಮಡಿಸಿ ಉದ್ದನೆಯ ಕಡ್ಡಿಗೆ ಅಲೆಯಲೆಯಾಗಿ ಚುಚ್ಚುತ್ತಾರೆ. ಒಣ ನೆತ್ತಲಿ ಮೀನು, ಕಡಲ ಪಾಚಿ, ದಪ್ಪ ಹೋಳು ಮಾಡಿದ ಮೂಲಂಗಿ, ಈರುಳ್ಳಿ ಸೊಪ್ಪು ಹಾಕಿ ಕುದಿಸಿದ ಸಾರು ಸ್ಟೀಲಿನ ಅಗಲ ತೊಟ್ಟಿಯಲ್ಲಿ ಸಂಜೆಯಿಡೀ ಹಬೆಯಾಡುತ್ತದೆ. ಗಿರಾಕಿ ತಾನೇ ಕಡ್ಡಿ ಎತ್ತಿಕೊಂಡು ತಿಂದು, ಕೊನೆಗೆ ಖಾಲಿ ಕಡ್ಡಿಗಳನ್ನು ಎಣಿಸಿ ಹಣ ಕೊಡುತ್ತಾನೆ. ಸಾರನ್ನು ಕಾಗದದ ಲೋಟದಲ್ಲಿ ಎಷ್ಟು ಬೇಕಾದರೂ ಕುಡಿಯಬಹುದು, ಅದಕ್ಕೆ ಬೆಲೆಯಿಲ್ಲ. ಬುಸಾನಿನಲ್ಲಿ ಅದೇ ತೊಟ್ಟಿಯಲ್ಲಿ ಅಕ್ಕಿಯ ಉದ್ದನೆಯ ತೊಕ್ ಕಡುಬನ್ನೂ ಕಡ್ಡಿಗೆ ಚುಚ್ಚಿ ಮೆತ್ತಗಾಗಿಸುತ್ತಾರೆ. ಹೀಗೆ ಹೊಟ್ಟೆ ಹಸಿದವನಿಗೆ ಬಿಸಿ ಸಾರನ್ನು ಲೆಕ್ಕವಿಲ್ಲದೆ ಕೊಡುವ ಬೀದಿ ಬದಿಯ ಆತಿಥ್ಯವನ್ನು ತೋಕಿಯೊದ ಒದೆನ್ ಅಂಗಡಿಯಲ್ಲಿ ನಿಮ್ಮ ಸಹೋದ್ಯೋಗಿ ಕಂಡಿರಲಾರರು.

ಒಂದು ಅಗ್ಗದ ತಿಂಡಿಯ ಹೆಸರಿಗಾಗಿ ಕೊರಿಯಾದಲ್ಲಿ ಅಷ್ಟು ಬಿಸಿ ಏರುವುದೇಕೆ ಎಂಬುದನ್ನು ನಿಮ್ಮ ವಿದ್ಯಾರ್ಥಿಗಳಿಗೆ ವಿವರಿಸಬೇಕು. ವಸಾಹತು ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಶಾಲೆಗಳಿಂದ ಕೊರಿಯನ್ ಭಾಷೆಯನ್ನು ಹೊರದಬ್ಬಲಾಯಿತು, 1940ರಲ್ಲಿ ಜನರು ಜಪಾನೀ ಮಾದರಿಯ ಹೆಸರು ಇಟ್ಟುಕೊಳ್ಳುವಂತೆ ಒತ್ತಡ ಹೇರಲಾಯಿತು, ಅದೇ ವರ್ಷ ಕೊರಿಯನ್ ಭಾಷೆಯ ಪ್ರಮುಖ ದಿನಪತ್ರಿಕೆಗಳನ್ನು ಮುಚ್ಚಿಸಲಾಯಿತು. ತನ್ನ ಹೆಸರನ್ನೇ ಬಿಟ್ಟುಕೊಡಬೇಕಾದ ಜನ ಬಿಡುಗಡೆಯಾದ ಮೇಲೆ ಊಟದ ತಟ್ಟೆಯಿಂದ ಆಳಿದವರ ಮಾತನ್ನು ತೆಗೆಯಲು ಹೊರಟದ್ದು ಸಹಜ. 1948ರಲ್ಲಿ ಶಿಕ್ಷಣ ಇಲಾಖೆಯೇ ಜಪಾನೀ ಪದಗಳಿಗೆ ಬದಲಿ ಪದಗಳ ಪಟ್ಟಿ ಹೊರತಂದಿತು. ಹಳದಿ ಮೂಲಂಗಿ ಉಪ್ಪಿನಕಾಯಿ ತಾಕುವಾನ್ ಹೋಗಿ ದನ್ಮುಜಿ ಆಯಿತು, ಪಾಚಿಯ ಹಾಳೆಯಲ್ಲಿ ಸುತ್ತಿದ ಅನ್ನದ ಉರುಳೆಗೆ ನೊರಿಮಾಕಿ ಎಂಬ ಜಪಾನೀ ಹೆಸರು ಹೋಗಿ ಕಿಂಬಾಪ್ ನಿಂತಿತು. ಒದೆಂಗ್ ಮಾತ್ರ ಬೀದಿಯ ಬಾಯಿಂದ ಪೂರ್ತಿ ಹೋಗಲಿಲ್ಲ. ಪೊಟ್ಟಣದ ಮೇಲೆ ಒಮುಕ್ ಎಂದಿದ್ದರೂ ಗಾಡಿಯ ಮುಂದೆ ನಿಂತವರು ಈಗಲೂ ಒದೆಂಗ್ ಎಂದೇ ಕೇಳುವುದುಂಟು. ಹೆಸರು ಬದಲಿಸಿದ್ದನ್ನು ‘ಕದ್ದ ಮಾಲಿಗೆ ಬಣ್ಣ ಬಳಿದದ್ದು’ ಎಂಬಂತೆ ಮಾತಾಡುವವರಿಗೆ ಈ ಹಿನ್ನೆಲೆ ಗೊತ್ತಿರುವುದಿಲ್ಲ, ಇಲ್ಲವೇ ಗೊತ್ತಿದ್ದೂ ಬದಿಗಿಡುತ್ತಾರೆ. ಅದೇ ಹೊತ್ತಿಗೆ, ಹೆಸರು ಬದಲಾದ ಕಾರಣಕ್ಕೆ ಇತಿಹಾಸವೂ ಬದಲಾಯಿತೆಂದು ಭಾವಿಸುವ ಕೊರಿಯಾದ ಅಭಿಮಾನಿಗಳ ವಾದವೂ ನಿಲ್ಲುವುದಿಲ್ಲ.

ಜಪಾನ್ 1895ರಿಂದ 1945ರವರೆಗೆ ಆಳಿದ ತೈವಾನಿನಲ್ಲೂ ಇದೇ ಎರಡು ತಿಂಡಿಗಳಿವೆ. ಒದೆನ್ ಅಲ್ಲಿ ಸ್ಥಳೀಯ ಉಚ್ಚಾರಣೆಯಲ್ಲಿ ಓಲಿಯನ್ ಆಗಿದೆ, ಇಮಾಗಾವಾಯಾಕಿ ಚಕ್ರದ ಆಕಾರದ ರೊಟ್ಟಿಯಾಗಿದೆ. ಅಲ್ಲಿ ಈ ಮೂಲಗಳ ಬಗ್ಗೆ ಇಷ್ಟು ಕಹಿ ಜಗಳ ನಡೆಯುವುದಿಲ್ಲ. ಅಡುಗೆ ಒಂದೇ ಆದರೂ ಎರಡು ದೇಶಗಳು ವಸಾಹತು ಕಾಲವನ್ನು ನೆನೆಯುವ ಬಗೆ ಬೇರೆ. ವಾದದ ಬಿಸಿ ಬರುವುದು ಅಡುಗೆಮನೆಯಿಂದಲ್ಲ, ಆ ನೆನಪಿನಿಂದ.

ಕಿಂಬಾಪಿನ ವಿಷಯ ಹೆಚ್ಚು ಸೂಕ್ಷ್ಮ. ಕಡಲ ಪಾಚಿಯ ಹಾಳೆಯಾದ ಕಿಮ್ ಕೊರಿಯಾಕ್ಕೆ ಹೊಸತಲ್ಲ. 15ನೇ ಶತಮಾನದ ಪ್ರಾದೇಶಿಕ ದಾಖಲೆಗಳಲ್ಲೇ ಅದು ದಕ್ಷಿಣ ಕರಾವಳಿಯ ಉತ್ಪನ್ನವಾಗಿ ಕಾಣಿಸುತ್ತದೆ. 17ನೇ ಶತಮಾನದಲ್ಲಿ ಗ್ವಾಂಗ್ಯಾಂಗ್ ಬಳಿಯ ತೈನ್ ದ್ವೀಪದಲ್ಲಿ ಕಿಮ್ ಯೊ ಇಕ್ ಎಂಬಾತ ಅದನ್ನು ಕೃಷಿ ಮಾಡಿ ಬೆಳೆದನೆಂಬ ನೆನಪನ್ನು ಆ ಊರು ಇಂದಿಗೂ ಕಾಪಾಡಿಕೊಂಡಿದೆ. ಹೊಸ ವರ್ಷದ ಮೊದಲ ಹುಣ್ಣಿಮೆಯಂದು ಸೊಪ್ಪಿನ ಎಲೆಯಲ್ಲಿ ಅಥವಾ ಕಿಮ್ ಹಾಳೆಯಲ್ಲಿ ಅನ್ನ ಸುತ್ತಿ ಅದೃಷ್ಟಕ್ಕಾಗಿ ತಿನ್ನುವ ಪದ್ಧತಿಯನ್ನು 19ನೇ ಶತಮಾನದ ಹಬ್ಬಗಳ ಗ್ರಂಥಗಳು ವರ್ಣಿಸಿವೆ. ಆದರೆ ಹಾಳೆಯ ಮೇಲೆ ಅನ್ನವನ್ನು ಹರಡಿ, ನಡುವೆ ಉದ್ದುದ್ದನೆಯ ಹೂರಣ ಇಟ್ಟು, ಬಿದಿರಿನ ಚಾಪೆಯಲ್ಲಿ ಉರುಳೆ ಮಾಡಿ, ಬಿಲ್ಲೆಗಳಾಗಿ ಕತ್ತರಿಸುವ ರೂಪ ಜಪಾನಿನಲ್ಲಿ 18ನೇ ಶತಮಾನದಲ್ಲೇ ನೊರಿಮಾಕಿಯಾಗಿ ಸ್ಥಿರವಾಗಿತ್ತು. ಕೊರಿಯಾದಲ್ಲಿ ಆ ರೂಪ ಕಾಣಿಸಿಕೊಳ್ಳುವುದು ವಸಾಹತು ಕಾಲದಲ್ಲಿ. ಒಳಗಿನ ಹಳದಿ ಮೂಲಂಗಿ ಕೂಡ ಅದೇ ದಾರಿಯಲ್ಲಿ ಬಂದದ್ದು. ನನ್ನ ಅಭಿಪ್ರಾಯದಲ್ಲಿ ಹಾಳೆ ಮತ್ತು ಹಾಳೆಯಲ್ಲಿ ಅನ್ನ ಸುತ್ತುವ ಅಭ್ಯಾಸ ಕೊರಿಯಾದವು, ಉರುಳೆಯ ತಂತ್ರ ಜಪಾನಿನದು, ರುಚಿ ಮತ್ತೆ ಸಂಪೂರ್ಣ ಕೊರಿಯಾದ್ದು. ವಿನೆಗರ್ ಮತ್ತು ಸಕ್ಕರೆಯ ಜಾಗದಲ್ಲಿ ಎಳ್ಳೆಣ್ಣೆ ಮತ್ತು ಉಪ್ಪು ಬಂದ ಕ್ಷಣವೇ ಅದು ಬೇರೆ ಕುಟುಂಬದ ಅಡುಗೆಯಾಯಿತು. ಬಸಳೆಯಂಥ ಸೊಪ್ಪು, ಕ್ಯಾರೆಟ್, ಮೊಟ್ಟೆ, ಹ್ಯಾಮ್ ಎಲ್ಲವನ್ನೂ ಬೇರೆಬೇರೆಯಾಗಿ ಒಗ್ಗಿಸಿ ಸೇರಿಸುವ ಕ್ರಮದಲ್ಲಿ ಕೊರಿಯಾದ ಪಲ್ಯಗಳ ಕೈಗುಣವಿದೆ. ತೊಂಗ್ಯೊಂಗ್ ಬಂದರಿನಲ್ಲಿ ದೋಣಿಯ ಮೇಲೆ ಹೂರಣ ಹಳಸದಿರಲೆಂದು ಬರಿಯ ಅನ್ನವನ್ನಷ್ಟೇ ಸುತ್ತಿ, ಖಾರದ ಕಡಲ ಸ್ಕ್ವಿಡ್ ಮತ್ತು ಮೂಲಂಗಿ ಕಿಮ್ಚಿಯನ್ನು ಪಕ್ಕದಲ್ಲಿಟ್ಟು ಕೊಡುವ ಚುಂಗ್ಮು ಕಿಂಬಾಪ್ ಹುಟ್ಟಿತು. 1981ರಲ್ಲಿ ಸೋಲ್‌ನ ಒಂದು ದೊಡ್ಡ ಉತ್ಸವದಲ್ಲಿ ಮಾರಿದ ಮೇಲೆ ಅದು ದೇಶಕ್ಕೆಲ್ಲ ಪರಿಚಯವಾಯಿತು. ನೊರಿಮಾಕಿಗೆ ಇಂಥ ಸಂತತಿ ಜಪಾನಿನಲ್ಲಿ ಇಲ್ಲ. 2023ರಲ್ಲಿ ಅಮೆರಿಕದ ಟ್ರೇಡರ್ ಜೋಸ್ ಮಳಿಗೆಗಳಲ್ಲಿ ಶೀತಲೀಕರಿಸಿದ ಕಿಂಬಾಪ್ ಬಂದ ಕೆಲವೇ ವಾರಗಳಲ್ಲಿ ಖಾಲಿಯಾಯಿತು. ಈ ಮೂಲದ ಜಗಳ ಅಂತರ್ಜಾಲದಲ್ಲಿ ಮತ್ತೆ ಹೊತ್ತಿಕೊಳ್ಳಲು ಇಂಥ ಯಶಸ್ಸುಗಳೂ ಒಂದು ಕಾರಣ.

ತೊಕ್‌ಬೊಕ್ಕಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಕ್ಕಿಯ ಕಡುಬನ್ನು ಸೋಯಾ ಸಾಸ್ ಮತ್ತು ಮಾಂಸದೊಡನೆ ಬಾಡಿಸುವ ಅಡುಗೆ ಜೊಸನ್ ರಾಜಮನೆತನದ (1392–1910) ಕಾಲದ್ದು. ಇಂದಿನ ಕೆಂಪು ರೂಪಕ್ಕೆ, 1953ರಲ್ಲಿ ಸೋಲ್‌ನ ಸಿಂದಾಂಗ್ ಬಡಾವಣೆಯಲ್ಲಿ ಹುದುಗಿಸಿದ ಮೆಣಸಿನಕಾಯಿ ಗೊಜ್ಜಾದ ಗೊಚುಜಾಂಗ್ ಬಳಸಿ ಮಾರಲಾರಂಭಿಸಿದ ಮಾ ಬೊಕ್ ರಿಮ್ ಎಂಬ ಮಹಿಳೆಯ ಹೆಸರು ಹೇಳುತ್ತಾರೆ. ಆದರೆ ಆ ಕೆಂಪಿನ ಮೂಲವಾದ ಮೆಣಸಿನಕಾಯಿ ಕೊರಿಯಾಕ್ಕೆ 16ನೇ ಶತಮಾನದ ಕೊನೆಯ ಹೊತ್ತಿಗೆ, ಬಹುಮಟ್ಟಿಗೆ ಜಪಾನಿನ ದಾರಿಯಿಂದಲೇ ಬಂದದ್ದು. 1614ರಲ್ಲಿ ಯಿ ಸು ಗ್ವಾಂಗ್ ಎಂಬ ಪಂಡಿತ ಅದನ್ನು ‘ಜಪಾನೀ ಸಾಸಿವೆ’ ಎಂದು ದಾಖಲಿಸಿದ್ದಾನೆ. ಮೆಣಸಿನಕಾಯಿ ಕೊರಿಯಾದಲ್ಲಿ ಅನಾದಿ ಕಾಲದಿಂದ ಇತ್ತು ಎಂದು ವಾದಿಸುವ ಸಂಶೋಧಕರೂ ಅಲ್ಲಿದ್ದಾರೆ. ಆ ಗಿಡದ ತವರು ಅಮೆರಿಕ ಖಂಡ ಎಂಬುದು ಸಸ್ಯವಿಜ್ಞಾನದಲ್ಲಿ ಸ್ಥಾಪಿತವಾದ ವಿಷಯವಾದ್ದರಿಂದ ಈ ವಾದವನ್ನು ಒಪ್ಪಲಾಗದು. ಪೋರ್ಚುಗೀಸರ ಹಡಗುಗಳು ನಮ್ಮ ಪಶ್ಚಿಮ ಕರಾವಳಿಗೆ ತಂದ ಅದೇ ಗಿಡ ನಮ್ಮ ಬ್ಯಾಡಗಿಯದೂ. ಆದರೂ ಮೆಣಸಿನಕಾಯಿಯನ್ನು ಹುದುಗಿಸಿದ ಸೋಯಾ ಮತ್ತು ಅಂಟಕ್ಕಿಯೊಡನೆ ಬೆರೆಸಿ ಗೊಚುಜಾಂಗ್ ಮಾಡಿದ್ದು ಕೊರಿಯಾದ ಮನೆಗಳು. ದಾರಿಯಲ್ಲಿದ್ದ ಜಪಾನ್ ಅದನ್ನು ಮಾಡಲಿಲ್ಲ.

ಸಹೋದ್ಯೋಗಿಯೊಡನೆ ಮಾತಾಡುವಾಗ ಎದುರು ದಿಕ್ಕಿನ ಪ್ರವಾಹವನ್ನೂ ನೆನಪಿಸಿ. ಫುಕುವೊಕಾ ನಗರದ ಹೆಮ್ಮೆಯಾದ ಖಾರದ ಮೀನಿನ ಮೊಟ್ಟೆ, ಮೆಂತಾಯಿಕೊ, ಕೊರಿಯಾದ ಮ್ಯೊಂಗ್ನಾನ್‌ಜೊತ್‌ನಿಂದ ಬಂದದ್ದು. ಬುಸಾನಿನಲ್ಲಿ ಹುಟ್ಟಿ ಬೆಳೆದ ಕಾವಾಹಾರಾ ತೊಶಿಯೊ ಯುದ್ಧಾನಂತರ ಜಪಾನಿಗೆ ಮರಳಿ, ಬಾಲ್ಯದ ಆ ರುಚಿಯನ್ನು ಜಪಾನೀ ನಾಲಿಗೆಗೆ ಒಗ್ಗಿಸಿ 1949ರಲ್ಲಿ ಮಾರಲು ತೊಡಗಿದರು. ಮೊರಿಯೊಕಾದ ಪ್ರಸಿದ್ಧ ತಣ್ಣನೆಯ ನೂಡಲ್ಸ್ 1954ರಲ್ಲಿ, ಈಗ ಉತ್ತರ ಕೊರಿಯಾದಲ್ಲಿರುವ ಹಾಮ್‌ಹುಂಗ್ ನಗರದ ಮೂಲದ ವಲಸಿಗರೊಬ್ಬರ ಅಂಗಡಿಯಲ್ಲಿ ಆರಂಭವಾಯಿತು. ಇತ್ತೀಚಿನ ಉದಾಹರಣೆ ಬೀದಿ ತಿಂಡಿಯದೇ ಆಗಿದೆ. ಗ್ಯೊಂಗ್ಜು ನಗರದಲ್ಲಿ ಅಲ್ಲಿಯ ದಾಬೊ ಸ್ತೂಪವಿರುವ 10 ವನ್ ನಾಣ್ಯದ ಆಕಾರದಲ್ಲಿ, ಒಳಗೆ ಚೀಸ್ ತುಂಬಿ ಬೇಯಿಸುವ ರೊಟ್ಟಿ ಜನಪ್ರಿಯವಾಯಿತು. 2023ರ ವೇಳೆಗೆ ತೋಕಿಯೊದಲ್ಲಿ ಯುವಜನ 10 ಯೆನ್ ನಾಣ್ಯದ ಆಕಾರದ ಅದೇ ರೊಟ್ಟಿಗೆ ಸಾಲು ನಿಂತಿದ್ದರು. ಕಬ್ಬಿಣದ ಅಚ್ಚು ಜಪಾನಿನಿಂದ ಕೊರಿಯಾಕ್ಕೆ ಬಂದು ಸುಮಾರು ಒಂಬತ್ತು ದಶಕಗಳ ನಂತರ, ಅಚ್ಚಿನ ಹೊಸ ತಿಂಡಿ ಕೊರಿಯಾದಿಂದ ಜಪಾನಿಗೆ ಹೋಯಿತು.

ಈಗ ಫಲಕಗಳ ವಿಷಯ. ಬುಂಗೊಪ್ಪಾಂಗ್ ಮುಂದೆ ‘ಜಪಾನಿನ ತೈಯಾಕಿಯಿಂದ 1930ರ ದಶಕದಲ್ಲಿ ಬಂದು, ಯುದ್ಧಾನಂತರ ಕೊರಿಯಾದ ಚಳಿಗಾಲದ ತಿಂಡಿಯಾಗಿ ಬೆಳೆದದ್ದು’ ಎಂದು ಬರೆಯಿರಿ. ಒದೆಂಗ್ ಎಂಬುದರ ಜತೆಗೆ ಒಮುಕ್ ಎಂದೂ ಬರೆದು, ‘ಬುಸಾನಿನ ಜಪಾನೀ ಕಾರ್ಖಾನೆಗಳಲ್ಲಿ ಕಲಿತ ಕೆಲಸಗಾರರು ಮುಂದುವರಿಸಿದ ಮೀನಿನ ತಿಂಡಿ’ ಎನ್ನಿ. ಕಿಂಬಾಪಿಗೆ ‘ಕೊರಿಯಾದ ಕಿಮ್, ಜಪಾನಿನ ಉರುಳೆ, ಎಳ್ಳೆಣ್ಣೆಯ ರುಚಿ’ ಎಂಬಷ್ಟು ಸಾಕು. ತೊಕ್‌ಬೊಕ್ಕಿಗೆ ‘ಕೊರಿಯಾ’ ಎಂದರೆ ಮುಗಿಯಿತು. ‘ನಕಲು’ ಎಂಬ ಪದ ಯಾವ ಫಲಕದಲ್ಲೂ ಬೇಡ, ‘5000 ವರ್ಷಗಳ ಪರಂಪರೆ’ ಎಂಬಂಥ ಮಾತೂ ಬೇಡ.

ಫಲಕದಲ್ಲಿ ಇನ್ನೊಂದು ಸಾಲು ಇದಕ್ಕಿಂತ ಮುಖ್ಯವಾಗಿ ಇರಬೇಕು. ಒಮುಕ್‌ನ ಸಾರು ಒಣ ನೆತ್ತಲಿಯದು, ಹಾಳೆಯಲ್ಲಿ ಮೀನಿನ ಜೊತೆ ಗೋಧಿ, ಕೆಲವೊಮ್ಮೆ ಮೊಟ್ಟೆಯ ಬಿಳಿ ಮತ್ತು ಸೀಗಡಿ ಇರುತ್ತದೆ. ತೊಕ್‌ಬೊಕ್ಕಿಯಲ್ಲೂ ಒಮುಕ್ ಚೂರುಗಳನ್ನೂ ನೆತ್ತಲಿ ಸಾರನ್ನೂ ಹಾಕುವ ರೂಢಿಯಿದೆ. ಸಸ್ಯಾಹಾರಿಗಳು ತೊಕ್‌ಬೊಕ್ಕಿ ಬರಿಯ ಅಕ್ಕಿ ಕಡುಬು ಎಂದುಕೊಂಡು ತಿನ್ನುವ ಸಂಭವವೇ ಹೆಚ್ಚು, ಆದ್ದರಿಂದ ಅದಕ್ಕೆ ಕಡಲ ಪಾಚಿ ಮತ್ತು ಅಣಬೆಯ ಸಾರು ಬಳಸಿ, ಒಮುಕ್ ತೊಟ್ಟಿಯನ್ನು ಬೇರೆ ಮೇಜಿನ ಮೇಲಿಡಿ. ಒಮುಕ್ ಹಾಳೆಗೆ ಆಮದು ಸರಕೇ ಬೇಕೆಂದಿಲ್ಲ. ಮೀನಿನ ಮಾಂಸವನ್ನು ತಣ್ಣೀರಿನಲ್ಲಿ ಮತ್ತೆ ಮತ್ತೆ ತೊಳೆದು, ಕೊಬ್ಬು ಮತ್ತು ವಾಸನೆ ತೆಗೆದ ಸುರಿಮಿಯೇ ಅದರ ಮೂಲ ವಸ್ತು. ಅದಕ್ಕೆ ಸಕ್ಕರೆ ಬೆರೆಸಿ ಗುಣ ಕೆಡದಂತೆ ಶೀತಲೀಕರಿಸುವ ವಿಧಾನವನ್ನು 1960ರ ಸುಮಾರಿಗೆ ಜಪಾನಿನ ಹೊಕ್ಕಾಯ್ಡೊ ದ್ವೀಪದ ಮೀನುಗಾರಿಕಾ ಸಂಶೋಧಕರು ಕಂಡುಹಿಡಿದರು. ಗುಜರಾತಿನಿಂದ ನಮ್ಮ ಕರಾವಳಿಯವರೆಗೆ ಸುರಿಮಿ ಕಾರ್ಖಾನೆಗಳಿವೆ, ರಾಣಿ ಮೀನು ಅಥವಾ ಪಿಂಕ್ ಪರ್ಚ್ ಎನ್ನುವ ಕೆಂಪು ಮೀನಿನ ಸುರಿಮಿ ಇಲ್ಲಿಂದ ಪೂರ್ವ ಏಷ್ಯಾದ ದೇಶಗಳಿಗೆ ರಫ್ತಾಗುತ್ತದೆ. ಮಂಗಳೂರು ಅಥವಾ ಮಲ್ಪೆಯಿಂದ ತಾಜಾ ರಾಣಿ ಮೀನು ತರಿಸಿ, ಮುಳ್ಳು ತೆಗೆದು, ಮಂಜುಗಡ್ಡೆ ಹಾಕಿದ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಚೆನ್ನಾಗಿ ಹಿಂಡಿ, ನೂರು ಪಾಲಿಗೆ ಸುಮಾರು ಎರಡೂವರೆ ಪಾಲು ಉಪ್ಪು ಹಾಕಿ ತಣ್ಣಗಿರುವಾಗಲೇ ಅಂಟು ಬರುವವರೆಗೆ ಅರೆಯಬೇಕು. ಆಮೇಲೆ ಸ್ವಲ್ಪ ಪಿಷ್ಟ, ಕೊಚ್ಚಿದ ಕ್ಯಾರೆಟ್, ಈರುಳ್ಳಿ ಸೊಪ್ಪು ಬೆರೆಸಿ ತೆಳುವಾಗಿ ತಟ್ಟಿ, ಹದವಾದ ಕಾವಿನ ಎಣ್ಣೆಯಲ್ಲಿ ಕರಿದರೆ ಹಾಳೆ ಸಿದ್ಧ. ಉಪ್ಪು ಹಾಕಿ ಅರೆಯುವಾಗ ಮಿಶ್ರಣ ಬಿಸಿಯಾದರೆ ಹಾಳೆ ಪುಡಿಪುಡಿಯಾಗುತ್ತದೆ. ಮಿಕ್ಸರ್ ಬಳಸುವುದಾದರೆ ಜಾರನ್ನು ಮೊದಲೇ ಫ್ರಿಜ್‌ನಲ್ಲಿಟ್ಟು, ನಡುನಡುವೆ ನಿಲ್ಲಿಸಿ ಅರೆಯುವಂತೆ ವಿದ್ಯಾರ್ಥಿಗಳಿಗೆ ತಿಳಿಸಿ.